ಮೊಸಳೆ ಬಿಟ್ಟು ಹಾವು ಒಯ್ದವರು

ಕೇಸುಗಳಲ್ಲಿ ಹಿಡಿದ ಸಾಮಾನು ಇಡುವ ಮುದ್ದೆಮಾಲು ಕೊಠಡಿಯ ಧೂಳು ಹೊಡೆಯುವ ಕೆಲಸ ಅರ್ಧಕ್ಕೆ ಬಂದಿತ್ತು. ಬಂಗಾರಪೇಟೆ ಠಾಣೆಯ ಪಿಎಸ್‌ಐ ಉಮಾಮಹೇಶ್ವರಿ ಮೂಗಿಗೆ ಕರ್ಚೀಪು ಕಟ್ಟಿಕೊಂಡು, ತುಕ್ಕು ಹಿಡಿದ ಮಚ್ಚು, ರಕ್ತ ಒಣಗಿದ ಪಂಚೆಯ ಗಂಟು, ಯಾವುದೋ ಮದುವೆಮನೆಯಿಂದ ಕಳುವಾಗಿ ಸಿಕ್ಕಿದ್ದ ತಾಮ್ರದ ಹಂಡೆ ಎಲ್ಲವನ್ನೂ ಒಂದೊಂದಾಗಿ ಒರೆಸಿ, ಚೀಟಿ ಮಾಸಿದ್ದರೆ ಹೊಸ ಚೀಟಿ ಕಟ್ಟಿಸುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಕಾಂತರಾಜ್ ಹಂಡೆಯೊಳಗೆ ಇಣುಕಿದ.

"ಮೇಡಂ, ಇದ್ರೊಳಗೆ ಜಿರಲೆ ಸಂಸಾರನೇ ಐತೆ. ಪಂಚನಾಮೆಗೆ ಸೇರಿಸ್ಲಾ?"

"ಜಾಮೀನು ಕೊಟ್ಟು ಆಚೆ ಕಳಿಸಿ."

ಅಷ್ಟರಲ್ಲಿ ಠಾಣೆಯ ಮುಂದೆ ದೊಡ್ಡದೊಂದು ಬಿಳಿ ಕಾರು ಬಂದು ನಿಂತಿತು. 2025ರ ಜನವರಿ ಎಂಟು, ಬುಧವಾರ, ಬೆಳಿಗ್ಗೆ ಹತ್ತೂ ಮುಕ್ಕಾಲು.

ಇಳಿದು ಬಂದವರು ಹರಿಪ್ರಿಯಾ. ಊರಿನಲ್ಲಿ ಎರಡು ಕಲ್ಯಾಣ ಮಂಟಪಗಳ ಒಡತಿ, ಐವತ್ತರ ಆಚೀಚೆಯ ಹೆಂಗಸು. ಕಾರನ್ನು ತಾವೇ ಓಡಿಸಿಕೊಂಡು ಬಂದಿದ್ದರು. ಕೂತವರೇ ಹೇಳಿದರು.

"ನನ್ನ ಮೂರು ಬ್ಯಾಗು ಕಳುವಾಗಿವೆ. ಕದ್ದವನು ಯಾರು ಅಂತಾನೂ ಗೊತ್ತು. ನನ್ನ ಡ್ರೈವರ್ ಸುಧಾಕರ್."

"ಬ್ಯಾಗಿನಲ್ಲಿ ಏನಿತ್ತು?"

"ಏನೂ ಇರಲಿಲ್ಲ."

"ಖಾಲಿ ಬ್ಯಾಗಾ ಅಮ್ಮಾ?" ಎಂದ ಕಾಂತರಾಜ್.

ಹರಿಪ್ರಿಯಾ ಅವನ ಕಡೆ ತಿರುಗಿದರು. "ನಿಮ್ಮ ಜೀಪು ಮಾರಿದರೂ ಅದರಲ್ಲಿ ಒಂದು ಬರಲ್ಲ ಕಣಪ್ಪ."

ಅವು ಹಾವಿನ ಚರ್ಮದ ಬ್ಯಾಗುಗಳು. ಹರಿಪ್ರಿಯಾ ಇಪ್ಪತ್ತು ವರ್ಷಗಳಿಂದ ಹಾವು, ಮೊಸಳೆ, ಉಡದ ಚರ್ಮದ ಬ್ಯಾಗುಗಳನ್ನು ದುಬೈ, ಸಿಂಗಾಪುರ, ಇನ್ನೂ ಎಲ್ಲೆಲ್ಲಿಂದಲೋ ತಂದು ಒಂದು ಕೋಣೆಯ ತುಂಬ ಜೋಡಿಸಿದ್ದರು. ಕೋಣೆಯ ಬೀಗದ ಕೈ ದೇವರ ಮನೆಯ ಗೋಡೆಗೆ ತೂಗುಹಾಕಿರುತ್ತದೆ. ನಾಲ್ಕನೇ ತಾರೀಕು ಶನಿವಾರ ಎ.ಸಿ. ರಿಪೇರಿಯವನು ಬಂದಾಗ ಅವನ ಜೊತೆ ನಿಂತವನು ಸುಧಾಕರ್. ಆಮೇಲೆ ಆ ಕೋಣೆಯನ್ನು ತೆರೆದದ್ದು ಈ ದಿನ ಬೆಳಿಗ್ಗೆಯೇ. ಅಲ್ಲದೆ ಅವನು ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ಮೊದಲೇ ಹೇಳಿದ್ದ.

ಭಾರತೀಯ ನ್ಯಾಯ ಸಂಹಿತೆಯ ಕಲಂ 305 ಮತ್ತು 306ರ ಪ್ರಕಾರ ಎಫ್‌ಐಆರ್ ದಾಖಲಾಯಿತು. ಅನುಮಾನಿತನ ಹೆಸರಿನ ಮುಂದೆ "ಸುಧಾಕರ್, ಚಾಲಕ" ಎಂದು ಬರೆದ ಕಾಂತರಾಜ್, ಹರಿಪ್ರಿಯಾ ಹೋದ ಮೇಲೆ ಟ್ರೇಯಿಂದ ಒಂದು ಕಾಗದ ಎಳೆದು ಮೇಜಿನ ಮೇಲಿಟ್ಟ.

"ಇದೇ ಸುಧಾಕರ್ ಮೇಡಂ. ಕೆಜಿಎಫ್ ಫ್ಯಾಕ್ಟ್ರಿಗೆ ಸೆಲೆಕ್ಟ್ ಆಗವ್ನೆ. ನಡತೆ ಎಂಗೈತೆ ಅಂತ ಕೇಳವ್ರೆ. ಜವಾಬು ಟೈಪ್ ಮಾಡಿ ಇಟ್ಟಿದ್ದೆ, ನಿಮ್ ಸಹಿಗೆ."

ಉಮಾಮಹೇಶ್ವರಿ ಓದಿದರು. ಈತನ ವಿರುದ್ಧ ಈ ಠಾಣೆಯಲ್ಲಿ ಯಾವುದೇ ಪ್ರಕರಣ ಇರುವುದಿಲ್ಲ, ಎಂದಿತ್ತು. ನಿನ್ನೆ ಸಹಿ ಮಾಡಿದ್ದರೆ ಅದು ನಿಜವಾಗಿರುತ್ತಿತ್ತು. ಜವಾಬು ತಲುಪಲು ಕೊನೆಯ ದಿನ ಜನವರಿ ಹದಿನೇಳು.

ಅವರು ಕಾಗದವನ್ನು ವಾಪಸ್ಸು ಟ್ರೇಗೆ ಹಾಕಿದರು.

ಹರಿಪ್ರಿಯಾ ಅವರ ಆ ಕೋಣೆ ತಣ್ಣಗೆ, ಆಸ್ಪತ್ರೆಯಷ್ಟು ಚೊಕ್ಕಟವಾಗಿತ್ತು. ಸುತ್ತಲೂ ಗಾಜಿನ ಬೀರು. ಒಳಗೆ ದೀಪ. ಒಂದೊಂದು ಬ್ಯಾಗಿನ ಹೊಟ್ಟೆಗೂ ಮೆತ್ತನೆ ಕಾಗದ ತುಂಬಿ, ಮೇಲೆ ಬಟ್ಟೆಯ ಗವಸು ತೊಡಿಸಿ, ಹಸುಗೂಸು ಮಲಗಿಸಿದ ಹಾಗೆ ಇಟ್ಟಿದ್ದರು. ಮಧ್ಯದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ, ಕಲ್ಲು ಕೂರಿಸಿದ ಕೊಂಡಿಯ ಮೊಸಳೆ ಚರ್ಮದ ಬ್ಯಾಗು.

"ಇವೆಲ್ಲದರಲ್ಲಿ ಬೆಲೆ ಜಾಸ್ತಿ ಯಾವುದಕ್ಕೆ?"

"ಇದಕ್ಕೇ. ಮೊಸಳೆಗೆ. ಹೋಗಿರೋ ಮೂರೂ ಸೇರಿದರೂ ಇದಕ್ಕೆ ಸಮ ಇಲ್ಲ."

"ಹೋಗಿರೋದು?"

"ಎರಡು ಹೆಬ್ಬಾವು, ಒಂದು ನಾಗರ."

"ಬೇರೆ ಹಾವಿನದು ಯಾವುದಾದರೂ ಉಳಿದಿದೆಯಾ?"

ಹರಿಪ್ರಿಯಾ ಬೀರುಗಳನ್ನು ಒಮ್ಮೆ ನೋಡಿದರು. "ಇಲ್ಲ. ನನ್ನ ಹತ್ತಿರ ಇದ್ದ ಹಾವಿನವು ಅಷ್ಟೇ."

ಬೀಗ ಒಡೆದಿರಲಿಲ್ಲ. ಕಳುವಾದ ಬ್ಯಾಗುಗಳ ಗವಸುಗಳು ಹೋಗಿರಲಿಲ್ಲ. ಮೂರನ್ನೂ ಮಡಚಿ, ಇದ್ದ ಜಾಗದಲ್ಲೇ ಒಂದರ ಮೇಲೊಂದು ಇಟ್ಟಿದ್ದರು. ಅವಸರದಲ್ಲಿ ಕದಿಯುವವನು ಗವಸಿನ ಸಮೇತ ಬಾಚಿಕೊಂಡು ಹೋಗುತ್ತಾನೆ. ಇಲ್ಲಿ ಯಾರೋ ನಿಂತು ಗವಸು ಬಿಚ್ಚಿ ಮಡಚಿದ್ದಾರೆ. ಪಂಚನಾಮೆಯಲ್ಲಿ ಈ ಸಂಗತಿಯನ್ನು ಉಮಾಮಹೇಶ್ವರಿ ತಾವೇ ಹೇಳಿ ಬರೆಸಿದರು.

"ಇವನ್ನು ತಂದ ಬಿಲ್ಲು, ಪರವಾನಗಿ ಬೇಕಾಗುತ್ತೆ."

"ಹುಡುಕಿಸ್ತೀನಿ," ಎಂದರು ಹರಿಪ್ರಿಯಾ, ಮೊಸಳೆಯ ಬೆನ್ನಿನ ಮೇಲೆ ಬೆರಳಾಡಿಸುತ್ತ. "ನೋಡಿ, ಒಂದು ಚಿಪ್ಪಿನ ಹಾಗೆ ಇನ್ನೊಂದಿಲ್ಲ. ನಾನು ಸ್ಕೂಲಿಗೆ ಹೋಗುವಾಗ ಯೂರಿಯಾ ಗೊಬ್ಬರದ ಚೀಲ ಹೊಲಿದು ಬ್ಯಾಗು ಮಾಡಿಕೊಟ್ಟಿದ್ದರು ನಮ್ಮಮ್ಮ. ಮಳೆ ಬಂದರೆ ಪುಸ್ತಕವೆಲ್ಲ ಗೊಬ್ಬರದ ವಾಸನೆ."

ಮನೆಯಲ್ಲಿ ಕೆಲಸಕ್ಕಿದ್ದವರು ಮೂವರು. ಸುಧಾಕರ್. ಚಾಂಪಿಯನ್ ರೀಫ್ಸ್‌ನಿಂದ ರೈಲಿನಲ್ಲಿ ಬಂದುಹೋಗುವ ಅಡುಗೆಯ ಕದಿರಮ್ಮ. ಬೂದಿಕೋಟೆ ಕಡೆಯ ಮುನಿಶಾಮಮ್ಮ. ಮನೆ ಒರೆಸುವುದು, ಬ್ಯಾಗು ಒರೆಸುವುದು ಎಂಟು ವರ್ಷದಿಂದ ಅವಳದೇ ಕೆಲಸ. ಅವಳು ಬಂದಿರಲಿಲ್ಲ.

"ಅವಳ ಮನೇಲಿ ಸಾವಂತೆ ಮೇಡಂ. ಸೂತಕ," ಎಂದಳು ಕದಿರಮ್ಮ.

"ಎಷ್ಟು ದಿನ?"

"ಹನ್ನೊಂದು."

ಸೂತಕದ ಮನೆಗೆ ಪೊಲೀಸರು ಹೋಗಿ ನಿಲ್ಲುವುದು ಬೇಡ, ಕಳೆದ ಮೇಲೆ ಕರೆದು ಹೇಳಿಕೆ ಪಡೆದರಾಯಿತು ಎಂದುಕೊಂಡರು ಉಮಾಮಹೇಶ್ವರಿ. ಕಾಂತರಾಜನೂ ತಲೆಯಾಡಿಸಿದ. ಆ ಊರಿನವರು ಯಾರಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಸುಧಾಕರನಿಗೆ ನೋಟಿಸ್ ಕೊಟ್ಟು ಮಧ್ಯಾಹ್ನ ಕರೆಸಿದರು. ತೆಳ್ಳಗಿನ ಆಳು. ಇಸ್ತ್ರಿ ಮಾಡಿದ ಅಂಗಿ. ಕೂರಿ ಎಂದರೂ ಕೂರಲಿಲ್ಲ.

"ಶನಿವಾರ ಎ.ಸಿ.ಯವನು ಎಷ್ಟೊತ್ತಿಗೆ ಹೋದ?"

"ಹನ್ನೆರಡಕ್ಕೆ ಮೇಡಂ."

"ಆಮೇಲೆ?"

"ಮನೇಲೇ ಇದ್ದೆ."

"ಕಾರು ಎರಡು ಗಂಟೆ ಇರಲಿಲ್ಲ ಅಂತಾರಲ್ಲ ನಿಮ್ಮ ಅಮ್ಮಾವ್ರು?"

ಅವನು ನೆಲ ನೋಡಿದ. ಕಾಂತರಾಜ್ ಎದ್ದು ಬಂದ. "ಲೇ, ಬಾಯಿ ಬಿಡ್ಲಾ. ಎಲ್ಲೋಗಿದ್ದೆ?"

"ರಾಬರ್ಟ್‌ಸನ್‌ಪೇಟೆಗೆ. ಫ್ಯಾಕ್ಟರಿಗೆ ಕೊಡೋ ಮೆಡಿಕಲ್ ಸರ್ಟಿಫಿಕೇಟಿಗೆ ರಕ್ತ ಕೊಡೋಕೆ. ಕೇಳಿದರೆ ರಜಾ ಕೊಡಲ್ಲ ಅಂತ ಹೇಳದೆ ಹೋದೆ." ಅವನು ಮೇಜಿನ ಹತ್ತಿರಕ್ಕೆ ಬಂದ. "ಮೇಡಂ, ನಮ್ಮಪ್ಪ ಗದಗದಿಂದ ಬಂದು ಆ ಫ್ಯಾಕ್ಟರೀಲಿ ಇಪ್ಪತ್ತು ವರ್ಷ ಕಂಟ್ರಾಕ್ಟು ಕೂಲಿ ಮಾಡಿದ್ರು. ಪರ್ಮನೆಂಟ್ ಆಗಲೇ ಇಲ್ಲ. ನಾನು ಮೂರನೇ ಸಲಕ್ಕೆ ಪಾಸಾಗಿದ್ದೀನಿ. ಈ ಸಲ ತಪ್ಪಿದರೆ ವಯಸ್ಸು ಮೀರುತ್ತೆ, ಇನ್ನು ಅರ್ಜಿ ಹಾಕೋ ಹಾಗೇ ಇಲ್ಲ."

ಅವನನ್ನು ಕಳಿಸಿದ ಮೇಲೆ ಕಾಂತರಾಜ್ ಅಂದ, "ಕೀ ಇವ್ನ ಕೈಲಿತ್ತು, ಕಾರೂ ಇತ್ತು, ಸುಳ್ಳೂ ಯೋಳ್ದ. ಎರಡೇಟು ಬಿದ್ರೆ ಬ್ಯಾಗು ತಾನಾಗೇ ಬತ್ತವೆ ಮೇಡಂ."

"ಏಟಿಗೆ ಮಾತು ಬರುತ್ತೆ. ಬ್ಯಾಗು ಬರಲ್ಲ. ಕಾರಿರೋ ಕಳ್ಳ ಮೊಸಳೆ ಬಿಟ್ಟು ಹಾವು ಯಾಕೆ ಒಯ್ದ? ಅದನ್ನು ಹೇಳಿ ಮೊದಲು."

ಕಾಂತರಾಜ್ ಮನೆ ಶೋಧನೆಯ ಕಾಗದ ತೆಗೆದ.

ಕ್ರಮವಾಗಿ ಎಲ್ಲವೂ ನಡೆಯಿತು. ಸುಧಾಕರನ ಬಾಡಿಗೆ ಮನೆ ಶೋಧಿಸಿದರು; ಏನೂ ಸಿಗಲಿಲ್ಲ. ಲ್ಯಾಬಿನವರು ಅವನು ಶನಿವಾರ ಬಂದದ್ದು ನಿಜ ಎಂದರು. ಆದರೆ ಹೋಗುವ ಮುಂಚೆ ಬ್ಯಾಗು ತೆಗೆಯಲಿಲ್ಲ ಎಂದು ಅದರಿಂದ ರುಜುವಾಗದು. ಎ.ಸಿ.ಯವನು ಬರಿಗೈಲಿ ಹೋಗಿದ್ದ. ರಾಬರ್ಟ್‌ಸನ್‌ಪೇಟೆಯ ಚರ್ಮದ ಸಾಮಾನಿನ ಅಂಗಡಿಗಳಲ್ಲಿ, ಹಳೇ ಸಾಮಾನು ಕೊಳ್ಳುವವರಲ್ಲಿ ವಿಚಾರಿಸಿ ಬಂದ ಕಾಂತರಾಜ್ ಕಾಲು ಚಾಚಿ ಕೂತು, "ಒಬ್ಬ ಕೇಳ್ತಾನೆ ಮೇಡಂ, ಆವಿನ ಬ್ಯಾಗು ಇಟ್ಕೊಂಡ್ರೆ ಇಲಿ ಬರಲ್ವಾ ಅಂತ," ಎಂದ. ಗೇಟಿನ ಕ್ಯಾಮೆರಾದಲ್ಲಿ ಶನಿವಾರದ ದೃಶ್ಯಗಳನ್ನೂ ನೋಡಿದರು. ಕಾರು ಹೋಯಿತು, ಬಂತು. ಕದಿರಮ್ಮ ಕೈಚೀಲ ಬೀಸಿಕೊಂಡು ಹೋದಳು. ಮುನಿಶಾಮಮ್ಮ ಎಂದಿನ ಹಾಗೆ ಹಸುವಿಗೆ ತರಕಾರಿ ಸಿಪ್ಪೆಯ ಮೂಟೆ ಹೊತ್ತುಕೊಂಡು ಹೋದಳು.

ಫ್ಯಾಕ್ಟರಿಯಿಂದ ಜ್ಞಾಪನ ಬಂತು. ಸುಧಾಕರ್ ದಿನವೂ ಬೆಳಿಗ್ಗೆ ಠಾಣೆಯ ಎದುರಿನ ಹುಣಸೆಮರದ ಕೆಳಗೆ ಬಂದು ನಿಲ್ಲುತ್ತಿದ್ದ. ಒಳಗೆ ಬಂದು ಏನನ್ನೂ ಕೇಳುತ್ತಿರಲಿಲ್ಲ. ಅವನು ಬೈದಿದ್ದರೆ, ಅತ್ತಿದ್ದರೆ ಉಮಾಮಹೇಶ್ವರಿಗೆ ಸಲೀಸಾಗುತ್ತಿತ್ತು. ತಪ್ಪು ಮಾಡಿದ್ದರೆ ಹಿಡಿಯಬೇಕು, ಮಾಡಿಲ್ಲವಾದರೆ ಹದಿನೇಳರ ಒಳಗೆ ಅದನ್ನು ಕಾಗದದ ಮೇಲೆ ಬರೆಯಬೇಕು. ಎರಡರಲ್ಲಿ ಒಂದು ಆಗದೆ ತಾವು ಬಿಡುವುದಿಲ್ಲ ಎಂದು ಅವರು ತೀರ್ಮಾನಿಸಿಕೊಂಡರು.

ಹದಿನಾಲ್ಕು, ಸಂಕ್ರಾಂತಿ. ಬಿಲ್ಲುಗಳನ್ನು ಕೇಳಲು ಉಮಾಮಹೇಶ್ವರಿ ಮತ್ತೆ ಆ ಮನೆಗೆ ಹೋದರು. ಹರಿಪ್ರಿಯಾ ಮಂಟಪಕ್ಕೆ ಹೋಗಿದ್ದರು. ಅಡುಗೆಮನೆಯಲ್ಲಿ ಕದಿರಮ್ಮ ಪೊಂಗಲ್ ಕೆದಕುತ್ತ ಗೊಣಗುತ್ತಿದ್ದಳು.

"ಎಲ್ಲಾ ಕೆಲಸ ನಂದೇ ತಲೆ ಮೇಲೆ. ಹಬ್ಬದ ದಿನ ಮನೇಲಿ ಮಕ್ಕಳನ್ನ ಬಿಟ್ಟು ಬಂದಿದ್ದೀನಿ, ಕಡವುಳೇ. ಅವಳಿಗೇನು, ಸೂತಕ ಅಂತ ಕೂತ್ಬಿಟ್ಳು."

"ಪಾಪ, ಯಾರು ತೀರಿಕೊಂಡದ್ದು?"

"ಸೂತಕ ಅಂತ ಅವಳು ಫೋನ್ ಮಾಡಿದ ದಿನಾನೇ ಕೇಳ್ದೆ ಮೇಡಂ. ದೊಡ್ಡೋರು ಅಂದ್ಲು. ಯಾವ ದೊಡ್ಡೋರು, ಅತ್ತೆನಾ ಮಾವನಾ ಅಂದೆ. ಅವರೆಲ್ಲ ಯಾವಾಗ್ಲೋ ಹೋದ್ರು ಅಂದು ಫೋನ್ ಇಟ್ಬಿಟ್ಲು."

ಉಮಾಮಹೇಶ್ವರಿ ಬಾಗಿಲ ಬಳಿಯೇ ನಿಂತರು. ಸಾವಿನ ಸುದ್ದಿ ಸತ್ತವರ ಹೆಸರಿಲ್ಲದೆ ಬರುವುದಿಲ್ಲ. ಯಾರು, ಯಾವ ಊರಲ್ಲಿ, ಏನಾಗಿತ್ತು ಎಂದು ಹೇಳದೆ ಯಾರೂ ಸೂತಕ ಹೇಳಿ ಕಳಿಸುವುದಿಲ್ಲ. ವಾರ ಕಳೆದರೂ ಸತ್ತವರ ಹೆಸರು ಒಬ್ಬರ ಬಾಯಲ್ಲೂ ಬಂದಿರಲಿಲ್ಲ. ತಾವೂ ಕೇಳಿರಲಿಲ್ಲ.

ಠಾಣೆಗೆ ಹೋಗಿ ಕ್ಯಾಮೆರಾದ ದೃಶ್ಯ ಮತ್ತೆ ಹಾಕಿಸಿದರು. ಅದರ ಹಿಂದಿನ ಶನಿವಾರದ್ದನ್ನೂ ಹಾಕಿಸಿದರು. ಹಿಂದಿನ ವಾರ ಮುನಿಶಾಮಮ್ಮ ಮೂಟೆಯನ್ನು ಸೊಂಟಕ್ಕೆ ಒತ್ತಿಕೊಂಡು, ಚಪ್ಪಲಿ ಬಡಿಯುತ್ತ ಹೋಗಿದ್ದಳು. ನಾಲ್ಕನೇ ತಾರೀಕು ಮೂಟೆ ತಲೆಯ ಮೇಲಿತ್ತು. ಎರಡು ಕೈಯಲ್ಲೂ ಹಿಡಿದಿದ್ದಳು.

"ಕಾಲು ನೋಡಿ ಕಾಂತರಾಜ್."

ಕಾಂತರಾಜ್ ಪರದೆಗೆ ಮುಖ ತಂದ. "ಬರಿಗಾಲು."

"ಸಿಪ್ಪೆ ಹೊತ್ತುಕೊಂಡು ಹೋಗೋರು ಚಪ್ಪಲಿ ಬಿಡ್ತಾರಾ?"

"ದೇವ್ರನ್ನ ಹೊತ್ಕೊಂಡ್ರೆ ಬಿಡ್ತಾರೆ," ಎಂದ ಕಾಂತರಾಜ್.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಬೂದಿಕೋಟೆಯ ಪಕ್ಕದ ಆ ಹಳ್ಳಿಯ ಹಾಲಿನ ಡೈರಿಯ ಮುಂದೆ ಜೀಪು ನಿಂತಿತು. ಕ್ಯಾನು ತೊಳೆಸುತ್ತಿದ್ದ ಡೈರಿ ಕಾರ್ಯದರ್ಶಿ ಅನಿಲ್ ಗಾಬರಿಯಿಂದ ಎದ್ದ.

"ಊರಲ್ಲಿ ಈಚೆಗೆ ಯಾರಾದರೂ ಸತ್ತಿದ್ದಾರಾ?"

"ಯಾರೂ ಇಲ್ಲ ಮೇಡಂ. ಮುದುಕ್ರೆಲ್ಲ ಗಟ್ಟಿಮುಟ್ಟಾಗೇ ಅವ್ರೆ."

"ಮುನಿಶಾಮಮ್ಮನ ಮನೇಲಿ?"

"ಅದೇ ನಮ್ಗೂ ಅರ್ತಾಗಿಲ್ಲ ಮೇಡಂ. ಐದ್ನೇ ತಾರೀಕು ಬಾನುವಾರದಿಂದ ಡೈರಿಗೆ ಆಲು ಆಕಿಲ್ಲ. ಸೂತಕ ಅಂತಾಳೆ. ಯಾರಿಗಮ್ಮಾ ಅಂದ್ರೆ ಬಾಯಿ ಬಿಡಲ್ಲ. ನೆನ್ನೆ ಅಬ್ಬ, ಊರಿನ ದನ ಎಲ್ಲ ಕೊಂಬಿಗೆ ಬಣ್ಣ ಬಳ್ಕೊಂಡು ಕಿಚ್ಚು ಆಯ್ದವು. ಅವಳ ಅಸು ಒಂದೇ ಮೈ ಕೂಡ ತೊಳಿಸ್ಕೊಳ್ದೆ ಕೊಟ್ಟಿಗೇಲಿತ್ತು."

"ಇಲ್ಲಿ ನಾಗರಕಲ್ಲು ಎಲ್ಲಿದೆ?"

ಅನಿಲ್ ಕೆರೆಯ ಏರಿಯ ಕಡೆ ಕೈ ತೋರಿಸಿದ.

ಅರಳಿಯೂ ಬೇವೂ ಹೆಣೆದುಕೊಂಡು ಬೆಳೆದ ಕಟ್ಟೆ. ಸಾಲಾಗಿ ನಾಗರಕಲ್ಲುಗಳು. ಅವುಗಳ ಹಿಂದೆ, ಯಾರೂ ತುಳಿಯದ ಜಾಗದಲ್ಲಿ, ಬೆರಣಿ ಸುಟ್ಟ ಬೂದಿಯ ಗುಡ್ಡೆ. ಸುತ್ತ ಒಣಗಿದ ಹಾಲಿನ ಕಲೆ, ಬಾಡಿದ ಸೇವಂತಿಗೆ. ಪಂಚರಾಗಿ ಬಂದ ಇಬ್ಬರು ರೈತರು ದೂರವೇ ನಿಂತರು. ಕಾಂತರಾಜ್ ಬೂಟು ಬಿಚ್ಚತೊಡಗಿದ.

"ಡ್ಯೂಟಿ ಮೇಲೆ ಬೂಟು ಬಿಚ್ಚಬಾರದು ಕಾಂತರಾಜ್."

"ಮೆಮೋ ಕೊಡಿ ಮೇಡಂ. ಮನೇಲಿ ಎರಡು ಮಕ್ಳವ್ರೆ."

ಉಮಾಮಹೇಶ್ವರಿ ಒಂದು ಗಳಿಗೆ ಅವನನ್ನು ನೋಡಿ, ತಾವೂ ಬೂಟು ಬಿಚ್ಚಿದರು. ಕಡ್ಡಿಯಿಂದ ಕೆದಕಿದಾಗ ಬೂದಿಯೊಳಗಿಂದ ಕಪ್ಪಿಟ್ಟ ಹಿತ್ತಾಳೆಯ ಕೊಂಡಿ, ಸರಪಣಿಯ ತುಂಡು, ಒಂದು ಜಿಪ್ಪಿನ ಹಲ್ಲುಸಾಲು ಬಂದವು. ಚರ್ಮದ್ದು ಏನೂ ಉಳಿದಿರಲಿಲ್ಲ. ಪಂಚನಾಮೆ ಬರೆದು, ಬೂದಿಯ ಮಾದರಿ ತೆಗೆದು, ಅರಗಿನ ಮುದ್ರೆ ಹಾಕಿದರು.

ಮುನಿಶಾಮಮ್ಮ ಮನೆಯ ಮುಂದಿನ ಜಗುಲಿಯ ಮೇಲೆ ಕೂತಿದ್ದಳು. ಹಣೆಯಲ್ಲಿ ಕುಂಕುಮವಿರಲಿಲ್ಲ, ತಲೆ ಬಾಚಿರಲಿಲ್ಲ. ಗಂಡ ಸೀನಪ್ಪ ಪೊಲೀಸರನ್ನು ಕಂಡವನೇ, "ನಾನು ಬಡ್ಕೊಂಡೆ ಕಣಮ್ಮ ಇವ್ಳಿಗೆ," ಎಂದು ಶುರುಮಾಡಿದ. ಅವಳು ಕೈ ಎತ್ತಿ ಅವನನ್ನು ಸುಮ್ಮನಿರಿಸಿದಳು.

"ನೀನು ಸುಮ್ಕಿರು. ಅವ್ರು ಬಂದಿರೋದು ನನ್ನತ್ರ."

"ಯಾರ ಸೂತಕ ಮುನಿಶಾಮಮ್ಮ?"

"ನಾಗಪ್ಪಂದು."

"ಬ್ಯಾಗು ಕದ್ದದ್ದು ನೀವಾ?"

"ಕದ್ದಿಲ್ಲ ತಾಯಿ. ಕಳ್ತನ ಅಂದ್ರೆ ಇಟ್ಕೊಳ್ಳೋದು, ಇಲ್ಲ ಮಾರ್ಕೊಳ್ಳೋದು. ನಾನು ಎರಡೂ ಮಾಡಿಲ್ಲ. ಗತಿ ಕಾಣಿಸ್ದೆ."

"ಗವಸು ಯಾಕೆ ಬಿಟ್ಟಿರಿ?"

"ಎಣಕ್ಕೆ ಇನ್ನೊಬ್ರ ಹಳೇ ಬಟ್ಟೆ ಒದಿಸ್ತಾರಾ? ಒಸ ಬಿಳೀ ಬಟ್ಟೆ ತಂದೆ. ತುಪ್ಪ ಬಿಟ್ಟು ಸುಟ್ಟು, ಆಲು ಉಯ್ದೆ. ಐನೋರ್ನ ಕರೆದ್ರೆ ಬ್ಯಾಗಿಗೆಲ್ಲ ಮಂತ್ರ ಯೋಳಲ್ಲ ಅಂದ್ರು. ನಾನೇ ಮಾಡ್ದೆ."

ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಎಂಟು ವರ್ಸ ಒರೆಸಿದ್ದೀನಮ್ಮ ಇದೇ ಕೈಯಾಗೆ. ಬಣ್ಣ ಒಡ್ದಿರೋ ರೆಗ್ಜೀನು ಅನ್ಕೊಂಡಿದ್ದೆ. ದೀಪಾವಳಿಗೆ ಬಂದೋರ ಮುಂದೆ ಅಮ್ಮಾವ್ರು ಯೋಳಿದ್ರು, ಇದು ನಿಜವಾದ ನಾಗರ ಅಂತ. ಅವತ್ತು ಅನ್ನ ಇಳೀಲಿಲ್ಲ. ನಮ್ ಮಗಳು ಲಿಖಿತಂಗೆ ಮೂರು ಸಲ ಬಸಿರು ನಿಂತು ಮೂರು ಸಲನೂ ಓಯ್ತು. ಈಗ ನಾಕ್ನೇದು, ಐದು ತಿಂಗಳು. ಅವಳ ಒಟ್ಟೆ ಮುಟ್ಟಕ್ಕೆ ಈ ಕೈ ಇಂದೇಟು ಆಕ್ತು."

"ಅಮ್ಮಾವ್ರನ್ನ ಕೇಳಬಹುದಿತ್ತಲ್ಲ?"

"ಕೇಳ್ದೆ. ಸಂಬಳ ಇಡ್ಕೊಳ್ಳಿ, ಈ ಮೂರು ಕೊಡಿ, ಮಣ್ಣು ಮಾಡ್ತೀನಿ ಅಂದೆ. ನಕ್ಕುಬಿಟ್ರು."

ಉಮಾಮಹೇಶ್ವರಿ ಅವಳ ಮುಖವನ್ನೇ ನೋಡಿದರು. "ನಿಮ್ಮ ಬದಲು ಸುಧಾಕರನ ಮೇಲೆ ಕೇಸಾಗಿದೆ. ಫ್ಯಾಕ್ಟರಿ ಕೆಲಸ ಕೈಬಿಟ್ಟು ಹೋಗ್ತಾ ಇದೆ. ಗೊತ್ತಾ?"

ಮುನಿಶಾಮಮ್ಮನಿಗೆ ಗೊತ್ತಿರಲಿಲ್ಲ. ಸೂತಕದ ಮನೆ ಎಂದು ಯಾರೂ ಹೊಸಲು ತುಳಿದಿರಲಿಲ್ಲ, ಯಾವ ಸುದ್ದಿಯೂ ಮುಟ್ಟಿರಲಿಲ್ಲ. ಅಲ್ಲಿಯವರೆಗೆ ಅಳುಕದೆ ಮಾತಾಡಿದವಳು ಈಗ ಜಗುಲಿಯ ಕಂಬ ಹಿಡಿದು ಎದ್ದಳು.

"ಅಯ್ಯೋ ಆ ಉಡ್ಗ ಏನ್ಮಾಡಿದ್ದ! ಮಳೆ ಬಂದ್ರೆ ನನ್ನ ಬಸ್‌ಸ್ಟಾಂಡ್‌ಗಂಟ ಕಾರಲ್ಲಿ ಬಿಡ್ತಿದ್ದ ಮಗ. ನಡೀರಿ ತಾಯಿ. ಎಲ್ಲಿ ಎಬ್ಬೆಟ್ಟು ಒತ್ಬೇಕು ಯೋಳಿ." ಎರಡು ಹೆಜ್ಜೆ ಇಟ್ಟು ನಿಂತಳು. "ಇವತ್ತು ಅನ್ನೊಂದ್ನೇ ದಿನ. ತಲೆಗೆ ನೀರಾಕ್ಕೊಂಡು ಬತ್ತೀನಿ. ಅರ್ದಕ್ಕೆ ಬಿಟ್ರೆ ಮಾಡಿದ್ದೆಲ್ಲ ದಂಡ."

ಕಾಂತರಾಜ್ ಪಿಎಸ್‌ಐ ಮುಖ ನೋಡಿದ. "ಕಾಯ್ತೀವಿ," ಎಂದರು ಅವರು.

ಹಿತ್ತಿಲಲ್ಲಿ ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಒದ್ದೆ ತಲೆಯಲ್ಲಿ, ಕುಂಕುಮವಿಟ್ಟುಕೊಂಡು ಅವಳು ಹೊರಗೆ ಬಂದಾಗ ಹನ್ನೊಂದು ಗಂಟೆ ಹತ್ತು ನಿಮಿಷ. ದಸ್ತಗಿರಿ ಮೆಮೋಗೆ ಅವಳು ಹೆಬ್ಬೆಟ್ಟು ಒತ್ತಿದಳು. ಮನೆಯವರಿಗೆ ತಿಳಿಸಿದ ಬಗ್ಗೆ ಸೀನಪ್ಪ ಸಹಿ ಮಾಡಿದ. ಜೀಪು ಹತ್ತುವ ಮುಂಚೆ ಅವಳು ಗಂಡನಿಗೆ ಹೇಳಿದ್ದು ಒಂದೇ ಮಾತು. "ಅಸುವಿನ ಮೈ ತೊಳಿ. ಸಾಯಂಕಾಲದಿಂದ ಡೈರಿಗೆ ಆಲು ಆಕು."

ನ್ಯಾಯಾಲಯ ಅಂದು ಸಂಜೆಯೇ ಅವಳಿಗೆ ಜಾಮೀನು ಕೊಟ್ಟಿತು. ಕೇಸು ಉಳಿಯಿತು.

ಹದಿನಾರರ ಬೆಳಿಗ್ಗೆ ಹರಿಪ್ರಿಯಾ ಠಾಣೆಗೆ ಬಂದರು. ಬೂದಿಯಲ್ಲಿ ಸಿಕ್ಕ ಕೊಂಡಿಯನ್ನು ಗುರುತಿಸಿದರು.

"ಅವಳು ಕೇಳಿದ್ದಳು. ತಮಾಷೆಗೆ ಕೇಳ್ತಿದ್ದಾಳೆ ಅಂದುಕೊಂಡೆ," ಎಂದರು. "ಮುಂದೇನು?"

"ಅವಳ ಮೇಲೆ ದೋಷಾರೋಪಣೆ ಸಲ್ಲಿಸ್ತೀವಿ. ನೀವು ಬಿಲ್ಲು, ಪರವಾನಗಿ ಇನ್ನೂ ತಂದಿಲ್ಲ."

"ಇಲ್ಲ. ಇರಲೂ ಇಲ್ಲ."

"ಹಾಗಾದರೆ ವನ್ಯಜೀವಿ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯವರು ಮಧ್ಯಾಹ್ನ ನಿಮ್ಮ ಮನೆಗೆ ಬರ್ತಾರೆ. ಉಳಿದ ಬ್ಯಾಗುಗಳ ಮಹಜರು ಆಗುತ್ತೆ."

"ದೂರು ಕೊಟ್ಟವಳು ನಾನು!"

"ಹೌದು ಅಮ್ಮಾ. ದೂರಿನಲ್ಲಿ ಏನು ಬರೆಸಿದ್ದೀರೋ ಅದನ್ನೇ ಅವರು ಓದಿದ್ದು."

ಅವರು ಹೋದ ಮೇಲೆ ಉಮಾಮಹೇಶ್ವರಿ ಕೇಸ್ ಡೈರಿ ತೆಗೆದರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಕಾಂತರಾಜ್ "ಮೂಢನಂಬಿಕೆ" ಎಂದು ಬರೆದಿದ್ದ. ಅವರು ಅದನ್ನು ಹೊಡೆದು ಬರೆದರು: "ಆರೋಪಿಯು ಲಾಭಕ್ಕಾಗಿ ಕೃತ್ಯ ಎಸಗಿರುವುದಿಲ್ಲ. ಮಗಳ ಗರ್ಭ ಉಳಿಯಲೆಂದು, ತಾನು ಎಂಟು ವರ್ಷ ಮುಟ್ಟಿದ್ದಕ್ಕೆ ಋಣ ತೀರಿಸಿರುತ್ತಾಳೆ." ಎರಡನೇ ವಾಕ್ಯವನ್ನು ಮೇಲಿನವರು ತೆಗೆದರೆ ತೆಗೆಯಲಿ ಎಂದು ಹಾಗೇ ಬಿಟ್ಟರು.

ಅನುಮಾನಿತರ ಪಟ್ಟಿಯಿಂದ ಸುಧಾಕರನ ಹೆಸರು ಕೈಬಿಟ್ಟ ವರದಿ ಆಗಲೇ ನ್ಯಾಯಾಲಯಕ್ಕೆ ಹೋಗಿತ್ತು. ಟ್ರೇಯಲ್ಲಿದ್ದ ಜವಾಬಿಗೆ ಆ ವರದಿಯ ನಕಲು ಲಗತ್ತಿಸಿ, ತಾರೀಕು ತಿದ್ದಿ, ಉಮಾಮಹೇಶ್ವರಿ ಸಹಿ ಮಾಡಿ ಮೊಹರು ಒತ್ತಿದರು.

"ಅಂಚೆಗೆ ಹಾಕಿದರೆ ನಾಳೆ ತಲುಪಲ್ಲ. ನೀವೇ ಹೋಗಿ ಫ್ಯಾಕ್ಟರಿ ತಪಾಲಿನಲ್ಲಿ ಕೊಟ್ಟು, ಮುಟ್ಟಿತು ಅಂತ ಸೀಲು ಹಾಕಿಸಿಕೊಂಡು ಬನ್ನಿ."

ಕಾಂತರಾಜ್ ಲಕೋಟೆಯನ್ನು ಅಂಗಿಯೊಳಗೆ ಇಟ್ಟು ಗುಂಡಿ ಹಾಕಿಕೊಂಡ. ಹುಣಸೆಮರದ ಕೆಳಗೆ ಸುಧಾಕರ್ ನಿಂತಿದ್ದ. ಬೈಕು ಅವನ ಪಕ್ಕಕ್ಕೆ ಹೋಗಿ ನಿಂತಿತು.

"ಹತ್ಲಾ. ನಿನ್ ಕಾಗ್ದಾನೇ ಕೊಡಕ್ಕೆ ಓಗ್ತಿರೋದು. ದಾರಿ ನಿಂಗೇ ಚೆನ್ನಾಗಿ ಗೊತ್ತಲ್ಲ."

ಬೈಕು ಕೆಜಿಎಫ್ ರಸ್ತೆಗೆ ತಿರುಗಿತು.